ರೇಡಿಯೋ ನೆತ್ತಿಯ ಮೇಲಿನ ಕಲೆ

ಹೋದ ತಿಂಗಳು, ಅರವತ್ತೆರಡನೆಯ ವಯಸ್ಸಿನಲ್ಲಿ, ನಾನು ಒಬ್ಬ ಬಡಗಿಯ ಮುಂದೆ ನಿಂತು ಸುಳ್ಳು ಹೇಳಿದೆ.

ಉದ್ದದ ಸುಳ್ಳೇನಲ್ಲ. ಎರಡೇ ಅಕ್ಷರ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಅದರಿಂದ ನನಗೆ ಬರಬೇಕಾದ ಲಾಭವೂ ಏನಿರಲಿಲ್ಲ. ಬಾಯಿ ತೆರೆದೆ, ಬಂತು. ತೊಂದರೆ ಏನೆಂದರೆ, ಅದೇ ಎರಡಕ್ಷರವನ್ನು ನಾನು ಒಂಬತ್ತನೆಯ ವಯಸ್ಸಿನಲ್ಲೂ ಒಮ್ಮೆ ಹೇಳಿದ್ದೆ. ಆಗ ಅಪ್ಪನ ಹೆದರಿಕೆ ಇತ್ತು. ಈಗ ಏನಿತ್ತು?

ಮೊದಲಿನಿಂದ ಹೇಳುತ್ತೇನೆ.

ಔರಾದಿನಿಂದ ಅಣ್ಣ ಫೋನ್ ಮಾಡಿದ್ದ. ಮನೆಯ ಮುಂಭಾಗ ಒಡೆದು ಎರಡು ಶಟರ್ ಹಾಕಿಸುತ್ತಿದ್ದಾನೆ. (ಔರಾದಿನಲ್ಲಿ ಈಗ ಶಟರ್ ಇಲ್ಲದಿದ್ದರೆ ಅದನ್ನು ಮನೆ ಅನ್ನುವುದೇ ಇಲ್ಲ.)

"ಅಟ್ಟದ ಮ್ಯಾಲಿಂದ ಅಪ್ಪನ ರೇಡಿಯೋ ಇಳಿಸೀನಿ. ನಿನಗ ಬೇಕೇನು? ಬ್ಯಾಡಂದ್ರ ಭಂಗಾರದ ಗಾಡಿಗಿ ಹಾಕ್ತೇನಿ" ಅಂದ.

(ನಮ್ಮ ಕಡೆ ಭಂಗಾರ ಅಂದರೆ ಗುಜರಿ. ಚಿನ್ನಕ್ಕೂ ಅದಕ್ಕೂ ಒಂದು ಮಹಾಪ್ರಾಣದಷ್ಟೇ ಅಂತರ.)

"ಬೇಕು" ಅಂದೆ. ಯಾಕೆ ಬೇಕು ಎಂದು ಯೋಚಿಸಲಿಲ್ಲ. ಭಾನುವಾರ ಹೋಗಿ, ಕಾರಿನ ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಮಲಗಿಸಿಕೊಂಡು ಬೀದರಿಗೆ ತಂದೆ. ಮೈಲೂರು ಬಡಾವಣೆಯ ನಮ್ಮ ಮನೆಯ ಊಟದ ಟೇಬಲ್ ಮೇಲೆ ಇಟ್ಟು ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆ ಮೂರು ಸಲ ಕಪ್ಪಾಯಿತು.

ಹಳೆಯ ವಾಲ್ವ್ ರೇಡಿಯೋ. ಎರಡೂ ತೋಳಿನಿಂದ ಅಪ್ಪಿಕೊಂಡೇ ಎತ್ತಬೇಕು, ಅಷ್ಟು ಅಗಲ. ಮುಂಭಾಗದಲ್ಲಿ ಹೊಂಬಣ್ಣದ ಒರಟು ಬಟ್ಟೆ. ಅದರ ಕೆಳಗೆ ಊರುಗಳ ಹೆಸರು ಬರೆದ ಗಾಜಿನ ಪಟ್ಟಿ. ನಾಲ್ಕು ಗುಂಡಿಗಳಲ್ಲಿ ಉಳಿದಿದ್ದು ಮೂರು. ಆದರೆ ಮರದ ಪೆಟ್ಟಿಗೆಯ ಸ್ಥಿತಿ ನೋಡುವ ಹಾಗಿರಲಿಲ್ಲ. ಎಡ ಮೂಲೆಯನ್ನು ಗೆದ್ದಲು ತಿಂದು ಹಿಟ್ಟು ಮಾಡಿತ್ತು. ಬದಿಗಳ ಪದರ ಕರಿದ ಹಪ್ಪಳದ ಹಾಗೆ ಎದ್ದಿತ್ತು. ಇನ್ನು ನೆತ್ತಿಯ ಮೇಲೆ, ನಟ್ಟ ನಡುವೆ, ಒಂದು ಕಪ್ಪು ಕಲೆ. ಮುಂದೆ ಚೂಪು, ಹಿಂದೆ ಅಗಲ. ಕಲೆಯನ್ನು ನೋಡಿದ ಯಾರಿಗೇ ಆದರೂ ಇಲ್ಲಿ ಕೆಂಡದ ಇಸ್ತ್ರಿ ಪೆಟ್ಟಿಗೆ ಕೂತಿತ್ತು ಎಂದು ಹೇಳಿಕೊಡಬೇಕಾಗಿಲ್ಲ.

ಹಳೆಯ ಮರದ ಸಾಮಾನು ಎಂದರೆ ಬೀದರಿನಲ್ಲಿ ಎಲ್ಲರೂ ಹೇಳುವುದು ಒಂದೇ ಹೆಸರು, ಚಾಂದಪಾಶಾ. ಎಪ್ಪತ್ತರ ಆಸುಪಾಸಿನ ಬಡಗಿ. ಕೊಳಾರದ ಕೈಗಾರಿಕಾ ಪ್ರದೇಶದ ಒಂದು ಫರ್ನಿಚರ್ ಶೆಡ್ಡಿನಲ್ಲಿ ಬಹಳ ವರ್ಷ ಪ್ಲೈವುಡ್ ಕಪಾಟು ಮಾಡಿದವರು. ಈಗ ಅದನ್ನು ಬಿಟ್ಟು, ಮನ್ನಳ್ಳಿ ರೋಡಿನಲ್ಲಿ ತಮ್ಮ ಮನೆಯ ಮುಂದೆ ತಗಡಿನ ಚಪ್ಪರ ಹಾಕಿಕೊಂಡು, ಮನಸ್ಸಿಗೆ ಬಂದ ಕೆಲಸವನ್ನಷ್ಟೇ ಒಪ್ಪಿಕೊಳ್ಳುತ್ತಾರೆ.

ರೇಡಿಯೋವನ್ನು ಅವರು ಸುತ್ತಲೂ ತಿರುಗಿಸಿ ನೋಡಿದರು. ಬೆರಳಿನ ಗಿಣ್ಣಿನಿಂದ ನಾಲ್ಕು ಕಡೆ ಬಡಿದರು. ಎದ್ದ ಪದರವನ್ನು ಉಗುರಿನಿಂದ ಎತ್ತಿ, ಮೂಗಿನ ಹತ್ತಿರ ಹಿಡಿದರು.

"ಅಖರೋಟ್ ಲಕಡಿರಿ ಮೇಡಂ. ಕಾಗದದಂಗ ತೆಳ್ಳಗ ಕೊಯ್ದು, ಸಾದಾ ಲಕಡಿ ಮ್ಯಾಲ ಸರೇಸಿಲೆ ಅಂಟಿಸ್ಯಾರ. ಈಗಿನ ಅಂಟು ಹಿಂಗ ಹಿಡಿಯಂಗಿಲ್ಲ."

"ಸರಿ ಆಗ್ತದೇನ್ರಿ?"

"ಆಗ್ತದ. ಒಳಗಿನ ಸಾಮಾನು ನಾ ಮುಟ್ಟಂಗಿಲ್ರಿ. ಈಗ ಎಲ್ಲಾರೂ ಒಳಗಿಂದು ತೆಗೆದು ಬ್ಲೂಟೂತ್ ಹಾಕಸ್ತಾರ. ನಿಮಗ ಬೇಕೇನು?"

ಬೇಡ ಅಂದೆ. ಅವರಿಗೆ ಸಮಾಧಾನವಾದಂತೆ ಕಂಡಿತು. ಕೈ ನೆತ್ತಿಯ ಮೇಲೆ ಸವರುತ್ತ ಬಂತು, ಕಲೆಯ ಹತ್ತಿರ ನಿಂತಿತು.

"ಇದು ಇಸ್ತ್ರಿದು ದಾಗ್."

"ಹೌದ್ರಿ."

"ಯಾರು ಇಟ್ಟಿದ್ರು?"

"ಅಕ್ಕ" ಅಂದೆ.

ಇದೇ ಆ ಎರಡಕ್ಷರ.

ಚಾಂದಪಾಶಾ ತಲೆಯಾಡಿಸಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದರು. ಅವರಿಗೆ ಅದು ಮಾತಿಗೆ ಕೇಳಿದ ಮಾತು. ನಾನು ಕಾರಿನಲ್ಲಿ ಬಂದು ಕೂತೆ, ಕೀಲಿ ಹಾಕಲು ಆಗಲಿಲ್ಲ. ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಈ ಅಂಕಣದಲ್ಲಿ ವಾರ ವಾರ ನಿಮಗೆ ಬುದ್ಧಿ ಹೇಳುತ್ತೇನೆ. ಪರಿಚಯವೇ ಇಲ್ಲದ ಮನುಷ್ಯ ಸುಮ್ಮನೆ ಕೇಳಿದ ಪ್ರಶ್ನೆಗೆ ನಿಜ ಹೇಳಲು ನನಗೇನಾಗಿತ್ತು?

ಅಪ್ಪ ಔರಾದಿನಲ್ಲಿ ಸಾಲಿ ಮಾಸ್ತರರಾಗಿದ್ದರು. ನಮ್ಮ ಓಣಿಗೆ ಬಂದ ಮೊದಲ ರೇಡಿಯೋ ನಮ್ಮದು. ಪಡಸಾಲೆಯಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ, ಒಬ್ಬ ಹಿರಿಯರನ್ನು ಕೂರಿಸಿದ ಹಾಗೆ ಅದನ್ನು ಕೂರಿಸಿದ್ದರು. ಮಾಳಿಗೆಯಿಂದ ಬೇವಿನ ಮರಕ್ಕೆ ತಾಮ್ರದ ತಂತಿ. ಅಂಚೆ ಆಫೀಸಿನಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕಾದ ಲೈಸೆನ್ಸ್ ಪುಸ್ತಕ. (ಹೌದು, ಆಗ ರೇಡಿಯೋ ಕೇಳಲೂ ಲೈಸೆನ್ಸ್ ಬೇಕಿತ್ತು. ನನ್ನ ಮಗಳಿಗೆ ಇದನ್ನು ಹೇಳಿದರೆ ಕತೆ ಕಟ್ಟುತ್ತಿದ್ದೇನೆ ಅಂದುಕೊಳ್ಳುತ್ತಾಳೆ.)

ಅದರ ಗುಂಡಿ ತಿರುಗಿಸಿದ ತಕ್ಷಣ ದನಿ ಬರುತ್ತಿರಲಿಲ್ಲ. ಒಳಗೆ ವಾಲ್ವುಗಳು ಕಾಯಬೇಕು. ಗಾಜಿನ ಪಟ್ಟಿಯ ಹಿಂದೆ ಹಳದಿ ಬೆಳಕು ನಿಧಾನಕ್ಕೆ ಏರುತ್ತಿತ್ತು. ಕಾದ ಮರದ, ಕಾದ ಧೂಳಿನ ಒಂದು ವಾಸನೆ ಬರುತ್ತಿತ್ತು. ಆಮೇಲೆ ಎಲ್ಲೋ ದೂರದಲ್ಲಿ ಗಾಳಿ ಬೀಸಿದ ಸದ್ದು. ಆಮೇಲೆ ಮನುಷ್ಯರ ದನಿ. ಆ ಅರ್ಧ ನಿಮಿಷ ಮನೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಈಗ ಒಂದು ವಿಡಿಯೋ ತೆರೆಯಲು ಮೂರು ಸೆಕೆಂಡ್ ತಡವಾದರೆ ಫೋನ್ ಒಗೆಯುವಷ್ಟು ಸಿಟ್ಟು ಬರುತ್ತದಲ್ಲ, ಆ ಅರ್ಧ ನಿಮಿಷದ ತಾಳ್ಮೆ ನಮ್ಮಲ್ಲಿ ಎಲ್ಲಿಂದ ಬಂದಿತ್ತು?

ಸಂಜೆಯಾದರೆ ಅರ್ಧ ಓಣಿ ನಮ್ಮ ಕಟ್ಟೆಯ ಮೇಲೆ. ಉರ್ದು ವಾರ್ತೆಗೆ ಒಂದು ಗುಂಪು, ಕನ್ನಡ ವಾರ್ತೆಗೆ ಒಂದು, ಮರಾಠಿ ಭಜನೆಗೆ ಹೆಂಗಸರ ಮತ್ತೊಂದು. ಅಪ್ಪ ಗುಂಡಿ ತಿರುಗಿಸಿದಂತೆ ಜನ ಜಾಗ ಬದಲಿಸಿ ಮುಂದೆ ಬಂದು ಕೂರುತ್ತಿದ್ದರು. ಕೆಲವರು ಮೂರಕ್ಕೂ ಮುಂದೆಯೇ ಇರುತ್ತಿದ್ದರು. ನಮ್ಮ ಊರಿನಲ್ಲಿ ಒಂದೇ ಭಾಷೆ ತಿಳಿದವರನ್ನು ಹುಡುಕಬೇಕು.

ಗುಂಡಿ ಮುಟ್ಟುವ ಅಧಿಕಾರ ಅಪ್ಪನಿಗೆ ಮಾತ್ರ. ಒರೆಸುವ ಅಧಿಕಾರ ನಂದಕ್ಕನಿಗೆ.

ನಂದಕ್ಕ, ಅಂದರೆ ಮಹಾನಂದಾ, ದೊಡ್ಡಪ್ಪನ ಮಗಳು. ನನಗಿಂತ ಆರು ವರ್ಷ ದೊಡ್ಡವಳು. ಅವರ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲ. ಹಾಗಾಗಿ ಔರಾದಿನಲ್ಲಿ, ನಮ್ಮ ಮನೆಯಲ್ಲಿ ಇದ್ದು ಓದುತ್ತಿದ್ದಳು. ಒಂಬತ್ತನೆಯ ತರಗತಿ. ನನಗೆ ಜಡೆ ಹಾಕುವವಳು ಅವಳು, ಮಗ್ಗಿ ಒಪ್ಪಿಸಿಕೊಳ್ಳುವವಳು ಅವಳು, ರಾತ್ರಿ ಪಕ್ಕದಲ್ಲಿ ಮಲಗುವವಳು ಅವಳು. ಅಪ್ಪ ಮನೆಯಲ್ಲಿ ಇಲ್ಲದಾಗ ಹಿತ್ತಾಳೆ ತಂಬಿಗೆಯನ್ನು ಬಾಯಿಗೆ ಹಿಡಿದು ವಾರ್ತೆ ಓದುತ್ತಿದ್ದಳು. ತಂಬಿಗೆಯೊಳಗಿಂದ ದನಿ ಥೇಟ್ ರೇಡಿಯೋದಂತೆ ಬರುತ್ತಿತ್ತು.

"ವಾರ್ತೆಗಳು. ಓದುತ್ತಿರುವವರು ಮಹಾನಂದಾ. ಇಂದು ಮುಂಜಾನೆ ಕಾಕಾ ಅವರ ಎಡಗಾಲಿನ ಚಪ್ಪಲಿ ಕಾಣೆಯಾಗಿದೆ. ಓಣಿಯ ನಾಯಿಯ ಮೇಲೆ ಅನುಮಾನ ವ್ಯಕ್ತವಾಗಿದೆ."

(ಅವಳ ಕಾಕಾ ಅಂದರೆ ನನ್ನ ಅಪ್ಪ.) ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ವಾರ್ತೆ ಓದುವವಳಾಗಬೇಕು ಎಂಬ ಆಸೆ ಅವಳಿಗೆ ನಿಜಕ್ಕೂ ಇತ್ತು. ಅದನ್ನು ಅವಳು ನನಗೊಬ್ಬಳಿಗೇ ಹೇಳಿದ್ದಳು.

ಅವತ್ತು ಭಾನುವಾರ. ಮರುದಿನ ನಮ್ಮ ಸಾಲಿಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ನನ್ನದು ಡ್ಯಾನ್ಸ್ ಇತ್ತು. ಕೆಂಪು ರಿಬ್ಬನ್ ಮುದುಡಿ ಹೋಗಿತ್ತು. ನಂದಕ್ಕ ಅಪ್ಪನ ಅಂಗಿಗಳಿಗಾಗಿ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿಟ್ಟು, ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದಳು. ನೆಲ ಆಗಷ್ಟೇ ಸಾರಿಸಿದ್ದು ಹಸಿ ಇತ್ತು. ಮನೆಯಲ್ಲಿ ಅಗಲವಾದ, ನುಣುಪಾದ, ಸಮತಟ್ಟಾದ ಜಾಗ ಇನ್ನೊಂದು ಯಾವುದಿತ್ತು ಹೇಳಿ? ಸ್ಟೂಲ್ ಹತ್ತಿದೆ. ರೇಡಿಯೋ ನೆತ್ತಿಯ ಮೇಲೆ ಟವೆಲ್ ಹಾಸಿದೆ. ರಿಬ್ಬನ್ ಮೇಲೆ ಇಸ್ತ್ರಿ ಇಟ್ಟೆ. ಆಗಲೇ ಹೊರಗಿನಿಂದ ಗೆಳತಿ ಕೂಗಿದಳು. ರಿಬ್ಬನ್ ಪಕ್ಕಕ್ಕೆ ಸರಿಸಿ, ಇಸ್ತ್ರಿಯನ್ನು ಟವೆಲ್ ಮೇಲೇ ಬಿಟ್ಟು ಓಡಿದೆ.

ವಾಸನೆ ಬಂದಾಗ ಮರಳಿ ಓಡಿ ಬಂದೆ. ನಂದಕ್ಕ ನನಗಿಂತ ಮೊದಲೇ ಬಂದು ಇಸ್ತ್ರಿ ಎತ್ತಿ ಕೈಯಲ್ಲಿ ಹಿಡಿದು ನಿಂತಿದ್ದಳು. ಟವೆಲ್ ಸುಟ್ಟು ಮರಕ್ಕೆ ಅಂಟಿತ್ತು. ಅಪ್ಪ ಬಾಗಿಲಲ್ಲಿ ನಿಂತಿದ್ದರು.

"ಯಾರ ಕೆಲಸ ಇದು?" ಅಂದರು.

ನಂದಕ್ಕ ನನ್ನ ಕಡೆ ನೋಡಿದಳು. ಬರೀ ನೋಡಿದಳು, ಅಷ್ಟೆ.

"ಅಕ್ಕ" ಅಂದೆ.

ಅಪ್ಪ ಕೆಟ್ಟ ಮನುಷ್ಯ ಅಲ್ಲ. ಆದರೆ ಆ ಪೆಟ್ಟಿಗೆ ಅವರ ಇಡೀ ಮರ್ಯಾದೆಯಾಗಿತ್ತು. "ನಾಳಿಗಿ ಮುಂಜಾನಿ ಬಸ್ಸಿಗಿ ಇಕಿನ್ನ ಊರಿಗಿ ಬಿಟ್ಟು ಬರ್ತೇನಿ" ಅಂದರು. "ಪರೀಕ್ಷಾ ಹತ್ರ ಬಂದಾವ್ರಿ" ಅಂದಳು ಅವ್ವ. "ಬರ್ಲಿ" ಅಂದರು.

ಮರುದಿನ ನಾನು ಕೆಂಪು ರಿಬ್ಬನ್ ಕಟ್ಟಿಕೊಂಡು ಡ್ಯಾನ್ಸ್ ಮಾಡಿದೆ. ಚಪ್ಪಾಳೆ ಬಂತು.

ಅಪ್ಪನ ಸಿಟ್ಟು ವಾರದಲ್ಲಿ ಇಳಿಯಿತು. ಆದರೆ ಅಷ್ಟರಲ್ಲಿ ದೊಡ್ಡಪ್ಪನಿಗೆ ಸಿಟ್ಟು ಏರಿತ್ತು. ನನ್ನ ಮಗಳನ್ನು ಹೊರಗೆ ಹಾಕಿದ ಮನೆಗೆ ಮತ್ತೆ ಕಳಿಸುವುದಿಲ್ಲ ಅಂದರು. ನಂದಕ್ಕನ ಓದು ಅಲ್ಲಿಗೆ ನಿಂತಿತು. ಎರಡು ವರ್ಷಕ್ಕೆ ಭಾಲ್ಕಿಗೆ ಮದುವೆ ಮಾಡಿಕೊಟ್ಟರು. ಅವ್ವ ರೇಡಿಯೋಗೆ ಒಂದು ಕ್ರೋಶಾದ ಹೊದಿಕೆ ಹೆಣೆದು ಹಾಕಿದಳು. ಬಿಳಿ ದಾರದ್ದು, ಅಂಚಿಗೆ ನವಿಲು. ಬಂದವರೆಲ್ಲ ಹೊದಿಕೆಯನ್ನು ಹೊಗಳಿದರು. ಕೆಳಗಿನ ಕಲೆ ಕಣ್ಣಿಗೆ ಬೀಳಲಿಲ್ಲ.

ನಂದಕ್ಕನಿಗೆ ಮಾತ್ರ ಹೊದಿಕೆ ಸಿಗಲಿಲ್ಲ. ನಮ್ಮ ಬಳಗದಲ್ಲಿ ಅವಳು "ಇಸ್ತ್ರಿ ನಂದಾ" ಆದಳು. ಯಾವ ಮದುವೆಗೆ ಬಂದರೂ, ಯಾವ ತೊಟ್ಟಿಲಿಗೆ ಬಂದರೂ, ಯಾರೋ ಒಬ್ಬರು "ಇಸ್ತ್ರಿ ನಂದಾ ಬಂದಾಳ, ರೇಡಿಯೋ ಒಳಗಿಡ್ರಿ" ಅನ್ನುವುದು. ಎಲ್ಲರೂ ನಗುವುದು. ನಾನೂ ನಕ್ಕಿದ್ದೇನೆ. ಎಷ್ಟು ಸಲ ಎಂದು ನೆನಪಿಲ್ಲ.

ಬಡಗಿಯ ಹತ್ತಿರ ರೇಡಿಯೋ ಬಿಟ್ಟು ಬಂದ ನಾಲ್ಕನೆಯ ದಿನ ಚಾಂದಪಾಶಾ ಫೋನ್ ಮಾಡಿದರು.

"ಮೇಡಂ, ಮೂಲಿ ಕಟ್ಟಿ ಆಯ್ತು. ಬಾಜೂದು ಪದರ ಕೂಡಿಸೀನಿ. ಈಗ ಮ್ಯಾಲಿನ ದಾಗ್ ಕೆಲಸ ಅದ. ತೆಗೀಲೇನು, ಇಡ್ಲೇನು? ನೀವು ಹೇಳದಂಗ ನಾ ಕೈ ಹಚ್ಚಂಗಿಲ್ಲ."

"ಎರಡು ದಿನ ತಡೀರಿ" ಅಂದೆ. ಮರುದಿನ ಬೆಳಿಗ್ಗೆ ಭಾಲ್ಕಿಗೆ ಹೊರಟೆ.

ಭಾಲ್ಕಿಯಲ್ಲಿ ನಂದಕ್ಕನದು ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ತಾನೇ ನಡೆಸುತ್ತಿದ್ದಾಳೆ. ಬೆಲ್ಟ್ ತಾನೇ ಏರಿಸುತ್ತಾಳೆ, ಕಲ್ಲಿಗೆ ಉಳಿ ತಾನೇ ಹೊಡೆಯುತ್ತಾಳೆ. ನಾನು ಹೋದಾಗ ಹುಬ್ಬು, ರೆಪ್ಪೆ, ಸೆರಗು ಎಲ್ಲ ಜೋಳದ ಹಿಟ್ಟು. ಡಬ್ಬಿ ಹಿಡಿದ ಮೂವರು ಹೆಂಗಸರು ಸಾಲಿನಲ್ಲಿದ್ದರು. ಮೋಟರಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ.

"ಯಾಕ ಬಂದಿ ಜಗದೇವಿ? ಫೋನರ ಮಾಡಬೇಕಿತ್ತಿಲ್ಲ" ಎಂದು ಕಿವಿಯ ಹತ್ತಿರ ಬಂದು ಕೂಗಿದಳು.

ಒಳಗೆ ಹೋಗಿ ಕೂತು, ನೀರು ಕುಡಿದು, ಸಮಾಧಾನವಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಆದರೆ ಕೂತರೆ ಹೇಳಲು ಆಗುವುದಿಲ್ಲ ಅನಿಸಿತು. ನಿಂತಲ್ಲೇ ಶುರು ಮಾಡಿದೆ.

"ಅಕ್ಕಾ, ಆ ರೇಡಿಯೋ ಸುಟ್ಟಿದ್ದು ನಾನು."

"ಏನು?"

"ರೇಡಿಯೋ. ಸುಟ್ಟಿದ್ದು ನಾನು."

"ಕೇಳ್ಸವಲ್ದು. ಜೋರಾಗಿ ಹೇಳು."

ಉಸಿರು ಎಳೆದುಕೊಂಡು ಗಂಟಲು ಬಿಚ್ಚಿ ಕೂಗಿದೆ. ಅದೇ ಕ್ಷಣಕ್ಕೆ ಕರೆಂಟ್ ಹೋಯಿತು. ಮೋಟರ್ ನಿಂತಿತು. "ಸುಟ್ಟಿದ್ದು ನಾನು, ಸುಳ್ಳು ಹೇಳಿದ್ದು ನಾನು" ಎಂಬ ನನ್ನ ಕೂಗು ಆ ಗಿರಣಿಯ ತಗಡಿಗೆ ಬಡಿದು ರಸ್ತೆಯವರೆಗೂ ಹೋಯಿತು.

ಸಾಲಿನಲ್ಲಿದ್ದ ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏನು ಸುಟ್ಟಿ ನಮ್ಮವ್ವ?" ಎಂದು ಕೇಳಿದಳು.

ನಂದಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಗೊತ್ತದ" ಅಂದಳು.

"ಗೊತ್ತಿತ್ತೇನ್ ಅಕ್ಕಾ?"

"ಹುಚ್ಚಿ. ಇಸ್ತ್ರಿ ಎತ್ತದಾಕಿ ನಾನು. ಅದರ ಬಾಜೂಕ ನಿನ್ನ ರಿಬ್ಬನ್ ಇತ್ತು. ನನಗ ಗೊತ್ತಿರಂಗಿಲ್ಲೇನು?"

ಇಷ್ಟು ವರ್ಷದಲ್ಲಿ ಈ ಸರಳ ಲೆಕ್ಕ ನನ್ನ ತಲೆಗೆ ಹೊಳೆದಿರಲಿಲ್ಲ. ಗುಟ್ಟು ನನ್ನೊಬ್ಬಳದು ಎಂದೇ ತಿಳಿದಿದ್ದೆ. ರಿಬ್ಬನ್ನನ್ನು ಮಡಚಿ ನನ್ನ ಸಾಲಿ ಚೀಲದಲ್ಲಿ ಇಟ್ಟವರು ಯಾರು ಎಂದೂ ಕೇಳಿಕೊಂಡಿರಲಿಲ್ಲ.

"ಮತ್ತ ಅಪ್ಪನ ಮುಂದ ಯಾಕ ಹೇಳಲಿಲ್ಲ?"

"ನಾ ಹೇಳಿದ್ರ ಯಾರು ನಂಬ್ತಿದ್ರು? ನೀ ಮನಿ ಮಗಳು. ನಾ ಇರ್ಲಿಕ್ಕ ಬಂದಾಕಿ." ಅವಳು ಹಿಟ್ಟಿನ ಮೂಟೆಯ ಮೇಲೆ ಕೂತಳು. ಈಗ ದನಿ ಸಣ್ಣದಾಗಿತ್ತು. "ನೀನೇ ಹೇಳ್ತಿ ಅಂತ ಮಾಡಿದ್ದೆ ಜಗದೇವಿ. ಅವತ್ತ ರಾತ್ರಿ ಹೇಳ್ತಿ ಅಂತ ಮಾಡಿದ್ದೆ. ಬಸ್ಸಿನಾಗ ಕೂತಾಗ ಕಿಡಕಿಯಿಂದ ನೋಡ್ದೆ, ಓಡಿ ಬರ್ತಿ ಅಂತ. ಊರಾಗ ಒಂದು ವರ್ಷ ಹಾದಿ ನೋಡೀನಿ. ಸಣ್ಣಾಕಿ ಅದಾಳ, ಇವತ್ತಿಲ್ಲ ನಾಳಿ ಹೇಳ್ತಾಳ, ಕಾಕಾ ಬಂದು ಕರ್ಕೊಂಡು ಹೋಗ್ತಾರ ಅಂತ. ಪುಸ್ತಕ ಟ್ರಂಕಿನಾಗ ಹಂಗೇ ಇಟ್ಟಿದ್ದೆ. ಆಮ್ಯಾಲ ಮದ್ವಿ ಆಯ್ತು. ಬಿಟ್ಟೆ."

ಡಬ್ಬಿಯ ಹೆಂಗಸರ ಮುಂದೆಯೇ ನಾನು ಅತ್ತೆ. ಅವಳು ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ. (ನಾವು ತಪ್ಪು ಒಪ್ಪಿಕೊಂಡರೆ ಎದುರಿಗಿದ್ದವರು ತಕ್ಷಣ ತಲೆ ಸವರಬೇಕು. ನಮ್ಮ ಲೆಕ್ಕ ಯಾವಾಗಲೂ ಹಾಗೇ ಅಲ್ಲವೇ?) ಅವಳು ಸವರಲಿಲ್ಲ. ಅಳು ಮುಗಿಯುವವರೆಗೆ ಕಾದಳು. ಆಮೇಲೆ, "ಊಟ ಮಾಡ್ಕೊಂಡು ಹೋಗು" ಅಂದಳು.

ಊಟ ಮಾಡುವಾಗ ರೇಡಿಯೋ ಬಡಗಿಯ ಹತ್ತಿರ ಇರುವುದನ್ನು ಹೇಳಿದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ನಾನೂ ನೋಡ್ತೇನಿ. ನಾಳಿಗಿ ಗಿರಣಿ ಬಂದ್ ಇಟ್ಟು ಬರ್ತೇನಿ" ಅಂದಳು.

ಬಂದಳು. ಇಸ್ತ್ರಿ ಮಾಡಿದ ಹಸಿರು ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ಚಾಂದಪಾಶಾ ಅವರ ಚಪ್ಪರದ ಕೆಳಗೆ ರೇಡಿಯೋ ಬರಿ ಮೈಯಲ್ಲಿ ಕೂತಿತ್ತು. ಹಳೆಯ ಪಾಲಿಶ್ ಕೆರೆದು ತೆಗೆದಿದ್ದರು. ಗೆದ್ದಲು ತಿಂದ ಮೂಲೆಗೆ ಹೊಸ ಮರ ಕಟ್ಟಿದ್ದರು. ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಗಿದೆ ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಕಲೆ ಮಾತ್ರ ಮೊದಲಿಗಿಂತ ಎದ್ದು ಕಾಣುತ್ತಿತ್ತು.

ನಾನು ಮೊದಲು ಮಾಡಬೇಕಾದ ಕೆಲಸ ಒಂದಿತ್ತು.

"ಚಾಂದಪಾಶಾ, ಅವತ್ತ ನಾ ನಿಮ್ಮ ಮುಂದ ಸುಳ್ಳು ಹೇಳಿದ್ದೆ. ಇಸ್ತ್ರಿ ಇಟ್ಟಾಕಿ ನಾನು. ಇವರು ನಮ್ಮಕ್ಕ. ಇವರು ಎತ್ತಿದವರು."

ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಎತ್ತಿದ್ದಕ್ಕ ಪೆಟ್ಟಿಗಿ ಉಳದದ್ರಿ. ಇನ್ನಾ ಸ್ವಲ್ಪ ಹೊತ್ತು ಬಿಟ್ಟಿದ್ರ ಒಳಗಿನ ಲಕಡಿನೂ ಹೋಗತಿತ್ತು" ಅಂದರು.

ನಂದಕ್ಕ ತಲೆ ಬಗ್ಗಿಸಿದಳು. ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳಿಗೆ ಹೇಳಿದವರು ಬೇರೆ ಯಾರೂ ಇರಲಿಲ್ಲ.

ಇನ್ನು ಕಲೆಯ ಪ್ರಶ್ನೆ. ನಾನು ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೆ. ಕಲೆ ಇರಲಿ, ಅದರ ಮೇಲೇ ಪಾಲಿಶ್ ಹಾಕಿ, ದಿನಾ ಕಣ್ಣಿಗೆ ಬೀಳಲಿ, ನನ್ನ ತಪ್ಪಿಗೆ ಅದೊಂದು ಗುರುತು ಎಂದೆ. ಹೇಳುವಾಗ ನನ್ನ ದನಿ ನನಗೇ ಚೆನ್ನಾಗಿ ಕೇಳಿಸಿತು. ಅಂಕಣದ ಕೊನೆಯ ಸಾಲಿನ ಹಾಗೆ.

ನಂದಕ್ಕ ನನ್ನ ಮುಖ ನೋಡಿದಳು. "ನಿನ್ನ ಮನ್ಯಾಗ, ನಿನ್ನ ನೆಂಪಿಗಿ, ನನ್ನ ಕಲೆ ಯಾಕ ಇಟ್ಗೋತಿ? ಬಂದವರಿಗೆಲ್ಲಾ ತೋರಿಸಿ ಕತಿ ಹೇಳ್ಲಿಕ್ಕೇನು? ತೆಗಸು" ಅಂದಳು.

"ತೆಗೀರಿ" ಅಂದೆ ಚಾಂದಪಾಶಾ ಅವರಿಗೆ.

ಚಾಂದಪಾಶಾ ಒಂದು ಹಳೆಯ ಚಾದರದ ತುಂಡನ್ನು ಒದ್ದೆ ಮಾಡಿ ಹಿಂಡಿದರು. ಅದನ್ನು ಕಲೆಯ ಮೇಲೆ ಹಾಸಿದರು. ಆಮೇಲೆ ಒಳಗಿನಿಂದ ಅವರು ಏನು ತಂದರು ಅಂದುಕೊಂಡಿರಿ? ಕರೆಂಟಿನ ಇಸ್ತ್ರಿ. ಸರೇಸು ಎಂಬ ಆ ಹಳೆಯ ಅಂಟು ಕಾವಿಗೆ, ಹಬೆಗೆ ಮೆತ್ತಗಾಗುತ್ತದಂತೆ. ಇಸ್ತ್ರಿ ಒತ್ತಿ, ಕೆಳಗಿನಿಂದ ತೆಳ್ಳಗಿನ ಚಾಕು ಹಾಕಿದರೆ ಪದರ ತಾನಾಗಿ ಎದ್ದು ಬರುತ್ತದೆ.

ಅವರು ಇಸ್ತ್ರಿ ಹಿಡಿದು ಬಗ್ಗುವಷ್ಟರಲ್ಲಿ ನಂದಕ್ಕ ತಡೆದಳು.

"ಇಕಿ ಕೈಯಾಗ ಕೊಡ್ರಿ. ಈ ಸಲ ಇಕಿ ಹಿಡೀಲಿ. ನಾ ನಿಂತು ನೋಡ್ತೇನಿ."

ಕೊಟ್ಟರು. ಒತ್ತಿದೆ. ಹಬೆ ಎದ್ದಿತು. ಹಸಿ ಬಟ್ಟೆಯ ವಾಸನೆ, ಅದರ ಕೆಳಗಿನಿಂದ ಹಳೆಯ ಸರೇಸಿನ ವಾಸನೆ, ಆಮೇಲೆ ಎಲ್ಲಿಂದಲೋ ಕಾದ ಮರದ ಆ ಹಳೆಯ ವಾಸನೆ. ವಾರ್ತೆಗೆ ಮುಂಚೆ ನಮ್ಮ ಪಡಸಾಲೆಯಲ್ಲಿ ಬರುತ್ತಿತ್ತಲ್ಲ, ಅದು. ನಂದಕ್ಕನಿಗೂ ಬಂದಿರಬೇಕು. ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ಧೀರೆ, ಮೇಡಂ. ಒಂದೇ ಕಡಿ ಇಡಬ್ಯಾಡ್ರಿ. ಸರಸ್ತಾ ಇರ್ರಿ" ಎನ್ನುತ್ತಿದ್ದರು ಚಾಂದಪಾಶಾ.

"ಅದೇ ಇಕಿಗಿ ಆಗ ಗೊತ್ತಿರಲಿಲ್ಲ" ಅಂದಳು ನಂದಕ್ಕ. ಮೂವರೂ ನಕ್ಕೆವು. ಅವಳ ನಗು ಮಾತ್ರ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಕಣ್ಣು ಒರೆಸಿಕೊಂಡು ನಕ್ಕಳು, ಮತ್ತೆ ಒರೆಸಿಕೊಂಡಳು.

ಪದರ ಒಂದೇ ತುಂಡಾಗಿ ಎದ್ದು ಬಂತು, ಬಿಸಿ ದೋಸೆಯ ಹಾಗೆ. ಚಾಂದಪಾಶಾ ಅದನ್ನು ಚಹಾದ ಒಲೆಗೆ ಹಾಕಿದರು. ನಾವು ಆ ಚಹಾ ಕುಡಿದೆವು.

ಹೊಸ ಪದರ ಕೂರಿಸಿ, ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಸುತ್ತಿ ಸುತ್ತಿ ಪಾಲಿಶ್ ಹಚ್ಚಲು ಮತ್ತೆ ಹತ್ತು ದಿನ ಹಿಡಿಯಿತು. ಒಂದು ಕೋಟ್ ಒಣಗಬೇಕು, ಉಜ್ಜಬೇಕು, ಮತ್ತೊಂದು ಕೋಟ್. ಅವಸರ ಮಾಡಿದರೆ ಚಾಂದಪಾಶಾ ಫೋನ್ ಎತ್ತುವುದಿಲ್ಲ. ಈಗ ರೇಡಿಯೋ ನಮ್ಮ ಹಾಲ್‌ನಲ್ಲಿದೆ. ಹಾಡುವುದಿಲ್ಲ, ವಾಲ್ವುಗಳೆಲ್ಲ ಹೋಗಿವೆ. ಆದರೆ ಮಧ್ಯಾಹ್ನದ ಬಿಸಿಲು ಬಿದ್ದಾಗ ಮರದ ಗೆರೆಗಳು ಹರಿಯುವ ನೀರಿನ ಹಾಗೆ ಕಾಣುತ್ತವೆ. ನಂದಕ್ಕನಿಗೇ ಕೊಡುತ್ತೇನೆ ಎಂದಿದ್ದೆ. "ಗಿರಣಿ ಧೂಳಿಗಿ ಯಾಕ ತರ್ತಿ, ಅಲ್ಲೇ ಇರ್ಲಿ" ಅಂದಳು.

ಆದರೆ ಅವಳಿಗೆ ಬೇಕಾದದ್ದು ಬೇರೆ ಇತ್ತು. ಚಾಂದಪಾಶಾ ಅವರ ಚಪ್ಪರದಿಂದ ಭಾಲ್ಕಿಯ ಬಸ್ಸಿಗೆ ಬಿಡಲು ಹೋದಾಗ, ಕಾರಿನಿಂದ ಇಳಿಯುವ ಮೊದಲು ಹೇಳಿದಳು.

"ನಿನ್ನ ಪೇಪರಿನಾಗಿಂದು ವಾರ ವಾರ ಓದ್ತೇನಿ ನಾ. ಬ್ಯಾರೆಯವರ ತಪ್ಪು ಭಾಳ ಚಂದ ಬರೀತಿ. ಇದೂ ಬರಿ. ನನ್ನ ಹೆಸರು ಹಾಕಿ ಬರಿ. ಅಕ್ಕ ಅಂತ ಬರದು ಬಿಡಬ್ಯಾಡ, ಮಹಾನಂದಾ ಅಂತ ಬರಿ. ಮತ್ತ ನಮ್ಮ ಬಳಗಕ್ಕ ನೀನೇ ಹೇಳು."

ಬರೆದಿದ್ದೇನೆ. ಮಹಾನಂದಾ ರೇಡಿಯೋ ಸುಡಲಿಲ್ಲ. ಸುಟ್ಟವಳು ನಾನು.

ಬಳಗಕ್ಕೂ ಹೇಳಿದೆ. ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ನಿನ್ನೆ ಬೆಳಿಗ್ಗೆ, ಇಡೀ ವಿಷಯವನ್ನು ಆರು ಸಾಲಿನಲ್ಲಿ ಬರೆದು ಹಾಕಿದೆ. ಇಸ್ತ್ರಿ ನಂದಾ ಎಂದು ಇನ್ನು ಮುಂದೆ ಯಾರೂ ಕರೆಯಬೇಡಿ, ಕರೆಯಲೇಬೇಕಾದರೆ ಇಸ್ತ್ರಿ ಜಗದೇವಿ ಎಂದು ಕರೆಯಿರಿ ಎಂದೂ ಬರೆದೆ. ಎಲ್ಲರೂ ನೋಡಿದ್ದಾರೆ, ನೀಲಿ ಗೆರೆ ಬಿದ್ದಿದೆ. ಇಬ್ಬರು ಕೈ ಮುಗಿದ ಚಿತ್ರ ಹಾಕಿದರು. ಒಬ್ಬರು ಅದರ ಬೆನ್ನಿಗೇ ಒಂದು ಶುಭೋದಯದ ಗುಲಾಬಿ ಹಾಕಿದರು.

ಅಣ್ಣ ಫೋನ್ ಮಾಡಿದ. "ಆಗಿದ್ದಾಗಿ ಹೋಯ್ತು. ಅಪ್ಪನೂ ಇಲ್ಲ, ದೊಡ್ಡಪ್ಪನೂ ಇಲ್ಲ. ಇಷ್ಟ ಹಳೀ ಮಾತು ಈಗ ಯಾಕ ತೆಗೀತಿ?" ಅಂದ.

ಹೋದ ವರ್ಷ ಅವನ ಮೊಮ್ಮಗಳ ತೊಟ್ಟಿಲಿಗೆ ನಂದಕ್ಕ ಬಂದಾಗ, "ರೇಡಿಯೋ ಒಳಗಿಡ್ರಿ" ಎಂದು ಮೊದಲು ಕೂಗಿದವನು ಅವನೇ.

ಐವತ್ತು ವರ್ಷ ನಗಲಿಕ್ಕೆ ಹಳೆಯದಾಗದ ಮಾತು, ತಿದ್ದಲು ಹೋದ ದಿನವೇ ಹಳೆಯದಾಗಿಬಿಡುವುದು ಹೇಗೆ?